ಮೂವತ್ತರ ಬೋರ್ಡಿಗೆ ಸೇವಂತಿಗೆ ಹಾರ

ಹೂ ಮಾರುವ ಪುಟ್ಟತಾಯಮ್ಮನ ಮೊಪೆಡ್ಡನ್ನು ಇಳಿಜಾರಿನ ಬುಡದಲ್ಲಿ ಇನ್ಸ್‌ಪೆಕ್ಟರ್ ರುದ್ರಮುನಿ ತಡೆದರು. "ಇಲ್ಲಿ ಮೂವತ್ತರ ಮೇಲೆ ಓಡಿಸಂಗಿಲ್ಲ. ದಂಡ ಕಟ್ಟು."

"ಬೋರ್ಡು ಹುಣಸೆಕೊಂಬೆ ಹಿಂದೈತಲ್ಲ ಸ್ವಾಮಿ, ಯಾರಿಗೆ ಕಾಣ್ತದೆ?"

"ಕಾಣದಿದ್ರೂ ಕಾನೂನು ಇರ್ತದೆ. ದೇವರಿದ್ದಂಗೆ!"

ದಂಡ ಕಟ್ಟುವಷ್ಟರಲ್ಲಿ ಬುಟ್ಟಿಯ ಮಲ್ಲಿಗೆಯೆಲ್ಲ ಬಾಡಿತು. ಮಾರನೆಯ ಬೆಳಿಗ್ಗೆಯೇ ಅವಳು ಕೊಂಬೆಯನ್ನು ಪಕ್ಕಕ್ಕೆಳೆದು ಕಟ್ಟಿದಳು. ಬೋರ್ಡಿನ ಅಂಚಿಗೆ ಅರಿಶಿನ ಕುಂಕುಮ ಬಳಿದು, ದಪ್ಪನೆಯ ಸೇವಂತಿಗೆ ಹಾರ ಹಾಕಿ, ಊದುಬತ್ತಿ ಹಚ್ಚಿದಳು.

ಅಷ್ಟೇ ಸಾಕಾಯಿತು. ಲಾರಿಗಳು ತೆವಳಿದವು. ಬಸ್ಸಿನವರು ಕೈಮುಗಿದರು. ಬೈಕಿನ ಪಡ್ಡೆಗಳೂ ಬ್ರೇಕು ಒತ್ತಿ ಎದೆ ಮುಟ್ಟಿಕೊಂಡರು. ಸಂಜೆಯವರೆಗೆ ಕಾದರೂ ಇನ್ಸ್‌ಪೆಕ್ಟರಿಗೆ ಒಂದೇ ಒಂದು ಗಿರಾಕಿ ಸಿಗಲಿಲ್ಲ.

ಅವರು ಕೆಂಡವಾಗಿ ಬಂದರು. "ಏನಮ್ಮಾ ಇದು? ತೆಗಿ ಹಾರಾನ!"

"ಹಾಕಿದ್ದು ನಾನು ಸ್ವಾಮಿ, ಆದ್ರೆ ಕೈಮುಗಿದಿದ್ದು ಊರು. ನೀವೇ ತೆಗೀರಿ. ಎಲ್ರೂ ನೋಡ್ತಾವ್ರೆ."

ರುದ್ರಮುನಿ ತಿರುಗಿ ನೋಡಿದರು. ತೆಂಗಿನಕಾಯಿ ಹಿಡಿದ ಲಾರಿ ಡ್ರೈವರುಗಳ ಸಾಲೇ ನಿಂತಿತ್ತು. ಹಾರದತ್ತ ಚಾಚಿದ್ದ ರುದ್ರಮುನಿಯವರ ಕೈ ಮೆಲ್ಲಗೆ ಹಿಂದಕ್ಕೆ ಬಂದು ಇನ್ನೊಂದು ಕೈಯನ್ನು ಸೇರಿತು.

ಆಮೇಲೆ ಟೋಪಿ ತೆಗೆದು, ದನಿ ತಗ್ಗಿಸಿ ಕೇಳಿದರು: "ಪ್ರಸಾದ ಏನಾದ್ರೂ ಇದೆಯೇನಮ್ಮಾ?"