ಹಿತ್ತಾಳೆ ಕೀಲು ಕಿತ್ತ ಹೆಗ್ಗಣ

ಪಾಳುಕೋಟೆಯ ನೆಲಮಾಳಿಗೆಯಲ್ಲಿ ದೇವರು ಪ್ರಾಣ ಉಳಿಸುವ ಬೇರೊಂದನ್ನು ಬೆಳೆಸಿ, ಕಾವಲಿಗೆ ನಾಗರಹಾವನ್ನು ಇಟ್ಟಿದ್ದ. ಹೆಂಡತಿ ಸಾಯುವ ಹಾಗಿದ್ದಾಳೆಂದು ಹೆಗ್ಗಣವೊಂದು ಬಿಲ ತೋಡಿಕೊಂಡು ಅಲ್ಲಿಗೆ ಬಂತು.

ಹಾವು ಮರುಮಾತಿಲ್ಲದೆ ಬೇರು ಕೊಟ್ಟಿತು. ಹೆಗ್ಗಣ ಹೊರಡಲಿಲ್ಲ; ಬಾಗಿಲಿನ ಹಿತ್ತಾಳೆ ಕೀಲುಗಳನ್ನು ಕೀಳತೊಡಗಿತು.

“ಅಯ್ಯೋ ಶಿವನೇ! ಇದೇನಪ್ಪಾ ಮಾಡುತ್ತಿದ್ದೀಯ? ಮನೆಯಲ್ಲಿ ಆಕೆ ಜೀವ ಹಿಡಿದುಕೊಂಡು ಕಾಯುತ್ತಿದ್ದಾಳೆ!”

“ಬಂದದ್ದು ಬಂದೆ ನಾಗಪ್ಪನವರೇ, ಬರಿಗೈಲಿ ಹೋಗುವುದೇ? ಆ ದೀಪದ ಸರಪಳಿ ತಾಮ್ರದ್ದೇ ತಾನೆ?”

“ಬೇಕಾದ್ದು ಒಯ್ಯಿ. ಆದರೆ ಬಂದ ದಾರಿಯಲ್ಲೇ ಹೋಗಬೇಕು. ಇಲ್ಲಿನ ಕಟ್ಟಳೆ ಅದೊಂದೇ.”

ಹೆಗ್ಗಣ ಕೀಲು, ಸರಪಳಿ, ಬೇರು ಎಲ್ಲವನ್ನೂ ಗಂಟು ಕಟ್ಟಿತು. ಗಂಟು ಬಿಲದ ಬಾಯಲ್ಲೇ ಸಿಕ್ಕಿಕೊಂಡಿತು. ಎಷ್ಟು ಎಳೆದರೂ ಅಲುಗಲಿಲ್ಲ. ಕೊನೆಗೆ ಹೆಗ್ಗಣ ಗಂಟು ಬಿಚ್ಚಿ, ಹೊರೆ ಸಣ್ಣದಾಗಲೆಂದು ಒಳಗಿನಿಂದ ಬೇರನ್ನು ತೆಗೆದು ಪಕ್ಕಕ್ಕಿಟ್ಟು, ಉಳಿದದ್ದನ್ನು ಮತ್ತೆ ಕಟ್ಟತೊಡಗಿತು.

ಹಾವಿನ ಹೆಡೆ ತಾನಾಗಿ ಇಳಿದುಹೋಯಿತು. ಅದು ಆ ಬೇರನ್ನು ಕಚ್ಚಿಕೊಂಡು, ಗೋಡೆಯ ಬಿರುಕಿನಿಂದ ಹೊರಬಿದ್ದು ಹೆಗ್ಗಣದ ಮನೆ ಸೇರಿತು.

ಬೇರು ತಿಂದ ಹೆಂಡತಿ ಮೆಲ್ಲಗೆ ಕಣ್ಣು ತೆರೆದು, “ನಮ್ಮವರೆಲ್ಲಿ?” ಎಂದಳು.

“ಹಿಂದೆಯೇ ಬರುತ್ತಿದ್ದಾರೆ ತಾಯಿ. ನಿಮಗೆ ತಡವಾದೀತೆಂದು ನನ್ನನ್ನು ಓಡಿಸಿದರು,” ಎಂದಿತು ಹಾವು.

ಆ ಒಂದು ಸುಳ್ಳನ್ನು ಭಗವಂತ ಕ್ಷಮಿಸಿಯೇ ಇರುತ್ತಾನೆ.