ಫೋನಿಲ್ಲದ ಚಾರ್ಜರ್

“ಗುರುಗಳೇ, ನಾನು ಏನೂ ಮಾಡುತ್ತಿಲ್ಲ. ಸುಮ್ಮನೆ ಕಾಯುತ್ತಿದ್ದೇನೆ, ಅಷ್ಟೆ. ಆದರೂ ಇಷ್ಟೊಂದು ದಣಿವು ಯಾಕೆ?”

ಕೇಳಿದವಳು ಶಿಷ್ಯೆ ನೀಲಾಂಬಿಕೆ. ಅವಳ ತಂಗಿಯನ್ನು ಹೆರಿಗೆಗೆ ಸೇರಿಸಿದ್ದಾರೆಂದು ಊರಿನಿಂದ ಸುದ್ದಿ ಬಂದಿತ್ತು. ಹೆರಿಗೆ ಸ್ವಲ್ಪ ಕಷ್ಟವಿದೆ, ಈಗ ಬರುವುದು ಬೇಡ, ನಾವೇ ಫೋನ್ ಮಾಡುತ್ತೇವೆ ಎಂದಿದ್ದರು. ಆಮೇಲೆ ಫೋನ್ ಬಂದಿರಲಿಲ್ಲ. ನೀಲಾಂಬಿಕೆ ಮಠದ ಬೆಳಗಿನ ಪ್ರಸಾದ ಮುಟ್ಟಿರಲಿಲ್ಲ. ನಿದ್ದೆಯಿಲ್ಲದೆ ಅವಳ ದನಿ ಒಡೆದಿತ್ತು. ಫೋನ್ ಅಂಗೈಯಲ್ಲೇ ಇತ್ತು.

ಗುರುಗಳು ಎದುರಿನ ಚಾಪೆ ತೋರಿಸಿದರು. ಅವಳು ಕುಳಿತ ಮೇಲೆ ಕತೆ ಹೇಳಿದರು.

ಒಬ್ಬ ಲಾರಿ ಚಾಲಕನಿದ್ದ. ಅವನ ಮನೆ ಹೊಲದ ನಡುವೆ, ಹಳ್ಳದ ಆಚೆಗೆ. ಅಲ್ಲಿಗೆ ಕರೆಂಟಿನ ಕಂಬ ಬಂದಿರಲಿಲ್ಲ. ಮಾಡಿನ ಮೇಲೆ ಸೋಲಾರ್ ಹಲಗೆ, ಒಳಗೆ ಒಂದು ಬ್ಯಾಟರಿ, ಅದರ ಪಕ್ಕದಲ್ಲಿ ಇನ್ವರ್ಟರ್ ಪೆಟ್ಟಿಗೆ. ಮನೆಯ ದೀಪ, ಫ್ಯಾನು, ಮಿಕ್ಸಿ ಎಲ್ಲಕ್ಕೂ ಅದೇ ಆಧಾರ.

ಪೆಟ್ಟಿಗೆ ತಂದ ದಿನ ಚಾಲಕ ಹೆಂಡತಿಗೆ ಹೇಳಿದ್ದ. “ನೋಡು, ಯಾರೂ ಏನೂ ಕೇಳದೇ ಇದ್ದರೆ ಇದು ಮಲಗುತ್ತೆ. ಒಂದು ಹನಿ ಕರೆಂಟ್ ಕೇಳಿದರೂ ಎದ್ದು ಕೂತಿರುತ್ತೆ. ಎದ್ದು ಕೂತಿರೋದಕ್ಕೇ ಇದಕ್ಕೆ ಬ್ಯಾಟರಿ ಬೇಕು. ಮಲಗೋ ಮುಂಚೆ ಎಲ್ಲಾ ಸ್ವಿಚ್ ಆರಿಸಿಬಿಡು.”

ಹೆಂಡತಿ ತಲೆಯಾಡಿಸಿದ್ದಳು. ಹಾಗೆಯೇ ಮಾಡುತ್ತಲೂ ಇದ್ದಳು.

ಆ ಮನೆಯಲ್ಲಿ ಅವನ ತಾಯಿಯೂ ಇದ್ದಳು. ಮಗ ಲಾರಿ ಹತ್ತಿದ ಮೇಲೆ ಅವನು ಹೋದ ಊರು ಮುಟ್ಟಿದ ಸುದ್ದಿ ಬರುವ ತನಕ ಕಸ ಗುಡಿಸಬಾರದು, ಅವನು ಉಂಡ ಜಾಗ ಒರೆಸಬಾರದು ಎಂದು ಆಕೆ ಸೊಸೆಗೆ ಕಲಿಸಿದ್ದಳು. ಸೊಸೆ ಅದನ್ನೂ ತಪ್ಪದೆ ಪಾಲಿಸುತ್ತಿದ್ದಳು. ಹೊರಟವನ ಗುರುತು ಅಳಿಸಬಾರದು, ಅಷ್ಟೆ.

ಒಂದು ಮಳೆಗಾಲ ಚಾಲಕ ಘಾಟಿಯ ಆಚೆಗೆ ಬಾಡಿಗೆಗೆ ಹೋದ. ಮನೆಯಲ್ಲಿ ಫೋನ್ ಚಾರ್ಜ್ ಮಾಡಿಕೊಂಡವನು ಫೋನನ್ನು ಮಾತ್ರ ಎತ್ತಿಕೊಂಡ. ಲಾರಿಯಲ್ಲಿ ಬೇರೆ ಚಾರ್ಜರ್ ಇತ್ತು. ಮನೆಯದು ಗೋಡೆಯ ಪ್ಲಗ್ಗಿನಲ್ಲೇ ಉಳಿಯಿತು. ಸ್ವಿಚ್ ಹಾಕಿಯೇ ಇತ್ತು, ಕೆಂಪು ದೀಪ ಉರಿಯುತ್ತಿತ್ತು.

ಹೆಂಡತಿ ಅದನ್ನು ತೆಗೆಯಲು ಹೋದಳು. ಮುಟ್ಟಿದರೆ ಬೆಚ್ಚಗಿತ್ತು, ಅವನ ಅಂಗೈಯ ಹಾಗೆ. ಅವಳು ಕೈ ಹಿಂದೆ ತೆಗೆದುಕೊಂಡಳು.

ಅತ್ತೆ ನೋಡಿದಳು. “ಯಾಕೆ ಕಣೇ? ಅದೇನು ಕೂಸಾ, ಎತ್ತಿದ್ರೆ ಎದ್ದು ಅಳೋದಕ್ಕೆ?”

“ಅವರು ಊರು ಮುಟ್ಟೋ ತನಕ ಇರಲಿ ಅತ್ತೆ.”

ಅತ್ತೆ ಎದ್ದು ಒಳಗೆ ಹೋದಳು. ಕಲಿಸಿದವಳು ಅವಳೇ.

ಚಾಲಕ ಹೊರಟ ದಿನದಿಂದಲೇ ಮೋಡ ಕವಿಯಿತು. ಬಿಸಿಲು ಕಾಣಲಿಲ್ಲ. ಸೋಲಾರ್ ಹಲಗೆ ಇದ್ದೂ ಇಲ್ಲದ ಹಾಗಾಯಿತು. ಘಾಟಿ ಇಳಿದ ಮೇಲೆ ಫೋನ್ ಮಾಡುತ್ತೇನೆ ಎಂದಿದ್ದ. ಫೋನ್ ಬರಲಿಲ್ಲ. ಹೆಂಡತಿ ತನ್ನ ಫೋನನ್ನು ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಳು. ಗಂಟು ಬಿಚ್ಚುವಳು, ಫೋನಿನ ಮುಖ ಬೆಳಗಿಸಿ ನೋಡುವಳು, ಮತ್ತೆ ಕಟ್ಟುವಳು. ಯಾವ ಹೊತ್ತಿಗೆ ಬೇಕಾಗುತ್ತದೋ ಎಂದು ತನ್ನ ಚಾರ್ಜರನ್ನೂ ಪ್ಲಗ್ಗಿನಿಂದ ಕೀಳಲಿಲ್ಲ. ಈಗ ಗೋಡೆಯಲ್ಲಿ ಎರಡು ಕೆಂಪು ದೀಪಗಳು. ಪೆಟ್ಟಿಗೆ ಮಲಗುವುದನ್ನೇ ಬಿಟ್ಟಿತು.

ಮಾರನೆಯ ದಿನ ಪೆಟ್ಟಿಗೆ ಕೂಗತೊಡಗಿತು. ಬ್ಯಾಟರಿ ಇಳಿಯುತ್ತಿದೆ ಎಂದು ಅದರ ಅರ್ಥ. ಹೆಂಡತಿ ಗಾಬರಿಯಾದಳು. ಫ್ಯಾನ್ ನಿಲ್ಲಿಸಿದಳು. ಚಟ್ನಿಯನ್ನು ಮಿಕ್ಸಿ ಬಿಟ್ಟು ಒರಳಲ್ಲಿ ರುಬ್ಬಿದಳು. ಅಡುಗೆಮನೆಯ ದೀಪವನ್ನೂ ಆರಿಸಿದಳು.

“ನನ್ನನ್ನ ಕತ್ತಲಲ್ಲಿ ಕೂರಿಸಿದ್ದೀಯ,” ಎಂದಳು ಅತ್ತೆ. “ಬಾಯೆಲ್ಲಿ ಮೂಗೆಲ್ಲಿ ಅಂತ ತಡಕಾಡಿಕೊಂಡು ಉಣ್ಣಬೇಕು. ಆ ಕೆಂಪುಕಣ್ಣುಗಳಿಗೆ ಮಾತ್ರ ಹೊಟ್ಟೆ ತುಂಬ ಬಡಿಸ್ತಿದ್ದೀಯ.”

“ಅದು ಎಷ್ಟು ತಿನ್ನುತ್ತೆ ಅತ್ತೆ? ಅದರಲ್ಲಿ ಫೋನೇ ಇಲ್ಲವಲ್ಲ.”

ಅವಳ ಲೆಕ್ಕ ಅಷ್ಟೇ ಆಗಿತ್ತು. ಚಾರ್ಜರಿಗೆ ಬೇಕಾದದ್ದು ಹನಿಯೇ ನಿಜ. ಆ ಹನಿಗಾಗಿ ಪೆಟ್ಟಿಗೆ ಇಡೀ ದಿನ, ಇಡೀ ಇರುಳು ಎದ್ದು ಕೂತಿತ್ತು.

ಮೂರನೆಯ ದಿನ ಬೆಳಗಾಗುವಾಗ ಪೆಟ್ಟಿಗೆ ಕೂಗುವುದನ್ನು ನಿಲ್ಲಿಸಿತು. ಹೆಂಡತಿಗೆ ಮೊದಲು ಸಮಾಧಾನವಾಯಿತು. ಆಮೇಲೆ ಗೋಡೆಯ ಕಡೆ ನೋಡಿದಳು. ಎರಡೂ ದೀಪ ಆರಿದ್ದವು. ಗಂಡನ ಚಾರ್ಜರನ್ನು ಮುಟ್ಟಿದಳು. ತಣ್ಣಗಿತ್ತು. ಸೆರಗಿನ ಗಂಟು ಬಿಚ್ಚಿದಳು. ನೋಡಿ ನೋಡಿ ಅವಳ ಫೋನೂ ಖಾಲಿಯಾಗಿತ್ತು. ಪ್ಲಗ್ಗಿಗೆ ಸಿಕ್ಕಿಸಿದಳು. ಏನೂ ಆಗಲಿಲ್ಲ.

ರಸ್ತೆಯಂಚಿನ ಮನೆಗಳಿಗೆ ಕರೆಂಟ್ ಇತ್ತು. ಆದರೆ ನಡುವೆ ಹಳ್ಳ ತುಂಬಿ ಹರಿಯುತ್ತಿತ್ತು. ಅವಳು ದಡದ ತನಕ ಓಡಿದಳು, ನೀರು ನೋಡಿದಳು, ಹಿಂದಿರುಗಿದಳು. ಆ ದಿನ ಅವಳು ಹಾಗೆ ಎಷ್ಟು ಸಲ ಓಡಿದಳೋ.

ಇಲ್ಲಿ ಗುರುಗಳು ಮಾತು ನಿಲ್ಲಿಸಿದರು. ನೀಲಾಂಬಿಕೆಯ ಬೆರಳು ಫೋನಿನ ಮೇಲೆ ಸರಿದಿತ್ತು. ಅವಳು ನಾಚಿ ಅದನ್ನು ಮಡಿಲಿಗೆ ಇಳಿಸಿದಳು.

“ಚಾಲಕನಿಗೆ ಏನಾಯಿತು ಗುರುಗಳೇ?”

ಗುರುಗಳು ಮುಂದುವರಿಸಿದರು.

ಘಾಟಿಯಲ್ಲಿ ಗುಡ್ಡ ಜರಿದಿತ್ತು. ಲಾರಿಗಳು ಸಾಲಾಗಿ ನಿಂತಿದ್ದವು. ಅಲ್ಲಿ ಸಿಗ್ನಲ್ ಇರಲಿಲ್ಲ. ಮೂರನೆಯ ದಿನ ಚಾಲಕ ಒಂದು ದಿಬ್ಬ ಹತ್ತಿ ಫೋನ್ ಹಚ್ಚಿದ. ಅವನಿಗೆ ಹೇಳಬೇಕಾಗಿದ್ದದ್ದು ಇಷ್ಟೇ: ನಾನು ಚೆನ್ನಾಗಿದ್ದೇನೆ, ದಾರಿ ತೆರೆದ ಮೇಲೆ ಬರುತ್ತೇನೆ, ಗಾಬರಿಯಾಗಬೇಡಿ. ಫೋನ್ ಆರಿದೆ ಎಂದು ಉತ್ತರ ಬಂತು. ಮತ್ತೆ ಹಚ್ಚಿದ. ಅದೇ ಉತ್ತರ. ತನ್ನ ಹೆಂಡತಿ ಎಂದೂ ಫೋನ್ ಆರಿಸುವವಳಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವನಿಗೆ ತಾಯಿಯ ವಯಸ್ಸು ನೆನಪಾಯಿತು.

ಅವನು ಲಾರಿಯನ್ನು ಜೊತೆಯವರಿಗೆ ಒಪ್ಪಿಸಿದ. ಅವರು ತಡೆದರು. “ಕಲ್ಲು ಇನ್ನೂ ಉರುಳ್ತಾ ಇದೆ ಮಾರಾಯ, ಎಲ್ಲಿಗೆ ಹೊರಟೆ?” ಅವನು ಕೇಳಲಿಲ್ಲ. ಜರಿದ ಗುಡ್ಡವನ್ನು ನಡೆದು ದಾಟಿದ.

ಹಳ್ಳ ಇಳಿದ ದಿನ ಅವನು ಮನೆ ತಲುಪಿದ. ಊರುಗೋಲು ಹಿಡಿದಿದ್ದ. ಎಡಗಾಲಿಗೆ ಟವೆಲ್ ಸುತ್ತಿತ್ತು. ಅದು ಕ್ಲಚ್ ಒತ್ತುವ ಕಾಲು.

ಹೊಸ್ತಿಲಲ್ಲೇ ಕೇಳಿದ. “ಅಮ್ಮನಿಗೆ ಏನಾಯ್ತು?”

ಒಳಗಿನಿಂದ ತಾಯಿ ಕೂಗಿದಳು. “ನನಗೇನಾಗಿದೆಯೋ? ಗುಂಡುಕಲ್ಲಿನ ಹಾಗಿದ್ದೀನಿ.” ಹೊರಗೆ ಬಂದವಳು ಮಗನ ಕಾಲು ನೋಡಿ ಗೋಡೆ ಹಿಡಿದುಕೊಂಡಳು.

“ಮತ್ತೆ ಫೋನ್ ಯಾಕೆ ಆರಿತ್ತು?” ಎಂದು ಅವನು ಹೆಂಡತಿಯನ್ನು ಕೇಳಿದ. ಅವಳು ಗೋಡೆಯ ಕಡೆ ತಿರುಗಿದಳು. ಅವಳ ಕಣ್ಣು ಹೋದ ಕಡೆ ಅವನೂ ನೋಡಿದ. ಪ್ಲಗ್ಗಿನಿಂದ ಅವನ ಚಾರ್ಜರಿನ ತಂತಿ ಇಳಿಬಿದ್ದಿತ್ತು. ಅದರ ತುದಿಯಲ್ಲಿ ಏನೂ ಇರಲಿಲ್ಲ.

“ಯಾರ ಫೋನಿಗೆ ಹಾಕಿದ್ದೆ ಇದನ್ನ?”

“ಯಾರದಕ್ಕೂ ಅಲ್ಲ,” ಎಂದಳು. “ನಿಮಗೋಸ್ಕರ.”

ಗುರುಗಳು ಕತೆ ಮುಗಿಸಿದರು.

ನೀಲಾಂಬಿಕೆಯ ಕಣ್ಣು ಮಡಿಲಿನ ಫೋನಿನ ಮೇಲಿತ್ತು. ಕೊನೆಗೆ ಒಡೆದ ದನಿಯಲ್ಲೇ ಕೇಳಿದಳು. “ಹಾಗಾದರೆ ನಾನು ಕಾಯಲೇಬಾರದೇ ಗುರುಗಳೇ? ಅವಳು ನನ್ನ ತಂಗಿ.”

ಗುರುಗಳು ಮುಚ್ಚಿಟ್ಟಿದ್ದ ಪ್ರಸಾದದ ತಟ್ಟೆಯನ್ನು ಅವಳ ಮುಂದಕ್ಕೆ ಸರಿಸಿದರು.

“ನಿನ್ನ ತಂಗಿ ಕರೆದಾಗ ‘ನಾನಿದ್ದೇನೆ’ ಎನ್ನುವಷ್ಟು ದನಿಯನ್ನಾದರೂ ಉಳಿಸಿಕೊಂಡಿರುತ್ತೀಯಾ, ಮಗಳೇ?”