ಹಗಲಲ್ಲಿ ನರಿ ಕರೆದ ರೈತ

"ಗುರುಗಳೇ, ಅನ್ಯಾಯವನ್ನು ಕಂಡು ಸಿಟ್ಟಾಗುವುದೂ ತಪ್ಪೇ?"

ಶಿಷ್ಯ ಮುರಿಗೆಯ್ಯ ನಿಂತುಕೊಂಡೇ ಕೇಳಿದ. ಕುಳಿತುಕೋ ಎಂದರೂ ಕುಳಿತುಕೊಳ್ಳಲಿಲ್ಲ.

ಅವನ ಸಿಟ್ಟಿಗೆ ಕಾರಣವಿತ್ತು. ತಿಂಗಳ ಹಿಂದೆ ಮಠದ ಉಗ್ರಾಣಿ, ಅಡುಗೆ ಮಾಡುವ ಬಾಳವ್ವನ ಕೆನ್ನೆಗೆ ಊಟದ ಪಂಕ್ತಿಯ ಎದುರಿಗೇ ಹೊಡೆದಿದ್ದ. ಬಡಿಸುವಾಗ ತುಪ್ಪ ಚೆಲ್ಲಿದಳು ಎಂಬುದೇ ಅವಳ ಅಪರಾಧ. ಗುರುಗಳು ಮರುದಿನವೇ ಅವನಿಂದ ಉಗ್ರಾಣದ ಬೀಗದ ಕೈ ತೆಗೆದುಕೊಂಡು ಅವನನ್ನು ಮಠದಿಂದ ಹೊರಗೆ ಕಳುಹಿಸಿದ್ದರು. ಮುರಿಗೆಯ್ಯನಿಗೆ ಅಷ್ಟು ಸಾಲಲಿಲ್ಲ. ಹೊಡೆದವನು ಒಬ್ಬ, ನೋಡಿ ನಕ್ಕವರು ಹಲವರು. ಅವರೆಲ್ಲರೂ ತಲೆ ತಗ್ಗಿಸಬೇಕೆಂದು ಅವನು ಹಟ ಹಿಡಿದ. ಮಠಕ್ಕೆ ಯಾರು ಬಂದರೂ ಬಾಳವ್ವನನ್ನು ಒಲೆಯ ಮುಂದಿನಿಂದ ಎಬ್ಬಿಸಿ ಕರೆತರುತ್ತಿದ್ದ. "ಹೇಳವ್ವಾ, ಅವನು ಹೇಗೆ ಹೊಡೆದ? ಯಾವ ಕೆನ್ನೆಗೆ ಹೊಡೆದ? ಯಾರು ಯಾರು ನಕ್ಕರು? ಇವರ ಮುಂದೆ ಹೇಳು" ಎನ್ನುತ್ತಿದ್ದ. ಅವಳು ಹೇಳುತ್ತಿದ್ದಳು. ನಿನ್ನೆ ಮಾತ್ರ ಹೇಳಲಿಲ್ಲ. ಎಷ್ಟು ಗದರಿದರೂ ಕಂಬದಂತೆ ನಿಂತಿದ್ದಳು.

"ನಾಳೆ ಸಭೆಯಿದೆ. ಏಳು ಊರಿನ ಹಿರಿಯರು ಸೇರುತ್ತಾರೆ" ಎಂದ ಮುರಿಗೆಯ್ಯ. "ಅಲ್ಲಿ ಅವಳು ಬಾಯಿ ಬಿಡದಿದ್ದರೆ ನಕ್ಕವರೆಲ್ಲರೂ ನುಣುಚಿಕೊಳ್ಳುತ್ತಾರೆ. ನಾನು ಬಡಿದಾಡುತ್ತಿರುವುದು ಯಾರಿಗಾಗಿ? ಅವಳಿಗಾಗಿಯೇ ಅಲ್ಲವೇ? ತಾವೇ ಕರೆದು ಒಂದು ಮಾತು ಹೇಳಿ, ಅವಳ ಬಾಯಿ ಬಿಡಿಸಬೇಕು."

ಪಕ್ಕದ ಅಡುಗೆಮನೆಯಿಂದ ಬಾಳವ್ವ ರೊಟ್ಟಿ ತಟ್ಟುವ ಸದ್ದು ಬರುತ್ತಿತ್ತು. ಗುರುಗಳು ಸ್ವಲ್ಪ ಹೊತ್ತು ಅದನ್ನು ಕೇಳಿದರು. ಆಮೇಲೆ, "ಒಂದು ಕತೆ ಇದೆ. ಕೇಳಿ ಹೋಗು" ಎಂದರು.

ಹಳ್ಳದ ದಂಡೆಯಲ್ಲಿ ಒಬ್ಬ ರೈತನ ಹೊಲವಿತ್ತು. ರೈತ ದುಡಿಮೆಯಲ್ಲಿ ಮೈಗಳ್ಳನಲ್ಲ, ಮಾತಿನಲ್ಲಿ ಸುಳ್ಳನಲ್ಲ. ಕೋಪ ಮಾತ್ರ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಆ ವರ್ಷ ಅವನ ಮೇಕೆ ಅವಳಿ ಮರಿ ಹಾಕಿತು. ಒಂದು ಗಂಡು, ಒಂದು ಹೆಣ್ಣು. ಮೇಕೆಗೆ ಹಾಲು ಕಡಿಮೆಯಿತ್ತು. ರೈತನ ಹೆಂಡತಿ ಬೆರಳನ್ನು ಹಾಲಿನಲ್ಲಿ ಅದ್ದಿ ಅದ್ದಿ ಚೀಪಿಸಿ ಎರಡನ್ನೂ ಉಳಿಸಿಕೊಂಡಳು. ಹಸಿವಾದರೆ ಅವು ಅವಳನ್ನೇ ಕೂಗಿ ಕರೆಯುತ್ತಿದ್ದವು.

ಒಂದು ದಿನ ನಡುಮಧ್ಯಾಹ್ನ, ರೈತ ಹೊಲದಲ್ಲಿ ನಿಂತಿರುವಾಗಲೇ, ನರಿಯೊಂದು ಹಳ್ಳದ ಪೊದೆಯಿಂದ ಎದ್ದು ಬಂದು ಗಂಡು ಮರಿಯ ಕತ್ತಿಗೆ ಬಾಯಿ ಹಾಕಿತು. ಮರಿ ಕೂಗಿಕೊಂಡಿತು. ರೈತ ಕುಡುಗೋಲು ಹಿಡಿದು ಓಡಿದ. ಅವನು ತಲುಪುವಷ್ಟರಲ್ಲಿ ನರಿ ಹಳ್ಳದ ಅಂಚಿನಲ್ಲಿತ್ತು. ಇಳಿಯುವ ಮುನ್ನ ಅದು ಒಮ್ಮೆ ತಿರುಗಿ ಅವನನ್ನು ನೋಡಿತು. ಅದರ ಬಾಲದ ತುದಿ ತುಂಡಾಗಿದ್ದದ್ದು ಅವನ ಕಣ್ಣಿಗೆ ಬಿತ್ತು.

ಮರಿ ಹೋದದ್ದಕ್ಕಿಂತ ಆ ನೋಟ ಅವನನ್ನು ಹೆಚ್ಚು ಸುಟ್ಟಿತು. ಕತ್ತಲಲ್ಲಿ ಕದ್ದರೆ ಅದು ಕಳ್ಳತನ. ಹಾಡಹಗಲಲ್ಲಿ, ಒಡೆಯ ನಿಂತು ನೋಡುತ್ತಿರುವಾಗ ಕದ್ದರೆ ಅದು ಮುಖಕ್ಕೆ ಉಗಿದಂತೆ. ಮೂರು ದಿನ ಅವನು ಅನ್ನ ನುಂಗಲಾರದೆ ಹಲ್ಲು ಕಡಿದ. ನಾಲ್ಕನೆಯ ದಿನ ಪಕ್ಕದ ಊರಿಗೆ ಹೋಗಿ, ಹಗಲಲ್ಲಿ ನರಿ ಕರೆಯಬಲ್ಲ ಮುದುಕನೊಬ್ಬನನ್ನು ಕರೆತಂದ.

ಮುದುಕ ಮೊದಲು ಹಿಡಿ ಮಣ್ಣು ತೂರಿ ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿದ. ಪೊದೆಯ ಕಡೆಯಿಂದ ಗಾಳಿ ಮುಖಕ್ಕೆ ಬಡಿಯುವಂತೆ, ಬದುವಿಗೆ ಬೆನ್ನು ಕೊಟ್ಟು ಕುಳಿತ. ಬೇಲಿಯ ಕಿಂಡಿಗೆ ಬಲೆ ಕಟ್ಟಿದ. ಎಲೆಯೊಂದನ್ನು ಮಡಿಸಿ ತುಟಿಗಿಟ್ಟು ಊದಿದ. ನೋವಿನಲ್ಲಿರುವ ಮೇಕೆಮರಿಯ ಕೂಗು ಅದು. ಮನೆಯೊಳಗಿದ್ದ ಹೆಂಡತಿ ಮರಿಗೆ ಏನಾಯಿತೋ ಎಂದು ಅಂಗಳಕ್ಕೆ ಓಡಿ ಬಂದಳು. ಎರಡು ಸಲ ಊದಿ ಮುದುಕ ಸುಮ್ಮನಾದ. ರೈತ ಮಿಸುಕಿದರೆ ಅವನ ತೊಡೆಯನ್ನು ಒತ್ತಿ ಹಿಡಿಯುತ್ತಿದ್ದ. ಸ್ವಲ್ಪ ಹೊತ್ತಿಗೆ ನರಿ ಬಂತು, ಕಿಂಡಿಯಲ್ಲಿ ನುಸುಳಿತು, ಬಲೆಗೆ ಬಿತ್ತು. ಮುದುಕ ಒಂದೇ ಏಟಿಗೆ ಅದನ್ನು ಮುಗಿಸಿದ. ಅದರ ಬಾಲದ ತುದಿ ತುಂಡಾಗಿತ್ತು.

"ನಿನ್ನ ಕಳ್ಳ ಇದೇ ತಾನೇ? ಆಯಿತು" ಎಂದು ಮುದುಕ ಬಲೆ ಬಿಚ್ಚತೊಡಗಿದ.

"ಬಲೆ ಯಾಕೆ ಬಿಚ್ಚುತ್ತೀ, ಅಜ್ಜಾ? ಪೊದೆಯಲ್ಲಿ ಇನ್ನೂ ಇವೆ."

"ಇವೆ. ಇಲಿ, ಏಡಿ ತಿಂದುಕೊಂಡು ಅವುಗಳ ಪಾಡಿಗೆ ಅವು ಇವೆ. ಈ ಕೂಗು ಕರೆಯುತ್ತದೆಯೇ ಹೊರತು, ಕಳ್ಳ ಯಾರು, ಕಳ್ಳನಲ್ಲದವರು ಯಾರು ಎಂದು ಆರಿಸುವುದಿಲ್ಲ. ಮೇಕೆಯ ಆಸೆ ಇಲ್ಲದವಕ್ಕೆ ನೀನೇ ಆಸೆ ಹಚ್ಚಬೇಡ."

"ನರಿಯ ಪರವಾಗಿ ಮಾತನಾಡುವುದಕ್ಕೆ ನಿನ್ನನ್ನು ಕರೆಸಿದೆನೇ? ನೀನು ಬೇಟೆಗಾರನೋ, ನರಿಯ ಬೀಗನೋ?" ಎಂದು ರೈತ ಕೂಗಾಡಿದ.

ಮುದುಕ ಎದ್ದು ಹೊರಟ. ಬಲೆಯನ್ನು ಮಾತ್ರ ರೈತ ಕಿತ್ತುಕೊಂಡು ಉಳಿಸಿಕೊಂಡ.

ಮರುದಿನ ಅವನೇ ಎಲೆ ಊದಲು ಕುಳಿತ. ಸಿಟ್ಟಿನಲ್ಲಿ ಉಸಿರು ಬಿಗಿಯಾಗಿ ಎಲೆ ಹರಿಯಿತು. ಇನ್ನೊಂದು ಹರಿಯಿತು. ಗಿಡದ ಅರ್ಧ ಎಲೆ ಮುಗಿದರೂ ಬಂದದ್ದು ಬರೀ ಬುಸುಬುಸು ಸದ್ದು. ಆಗ ಅವನ ಕಣ್ಣು ಅಂಗಳದಲ್ಲಿದ್ದ ಹೆಣ್ಣು ಮರಿಯ ಮೇಲೆ ಬಿತ್ತು. ಎಲೆಯಲ್ಲಿ ಹುಡುಕುತ್ತಿದ್ದ ಕೂಗು ಮನೆಯಲ್ಲೇ ಇತ್ತು.

ಅವನು ಮರಿಯನ್ನು ತಂದು ಹೊಲದ ನಡುವೆ ಗೂಟಕ್ಕೆ ಕಟ್ಟಿದ. ಕಿವಿ ಹಿಡಿದು ತಿರುಚಿದ. ಮರಿ ಕೂಗಿತು. ಹಳ್ಳದ ಆಚೆ ದಂಡೆಗೂ ಕೇಳುವಂತೆ ಕೂಗಿತು.

"ಸ್ವಲ್ಪ ತಾಳಿಕೋ. ನಿನ್ನ ಅಣ್ಣನನ್ನು ತಿಂದ ಕುಲವನ್ನೇ ಅಳಿಸುತ್ತೇನೆ" ಎಂದ ರೈತ. ಹಾಗೆನ್ನುವಾಗ ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಅಂದು ಒಂದು ನರಿ ಬಂತು, ಸತ್ತಿತು. ಮರುದಿನ ಕಿವಿ ತಿರುಚಿದ, ಇನ್ನೊಂದು ಬಂತು. ಹದಿನೈದು ದಿನಗಳಲ್ಲಿ ಏಳು ನರಿ ಸತ್ತವು. ಏಳು ಬಾಲಗಳನ್ನೂ ಅವನು ಬೇಲಿಗೆ ಕಟ್ಟಿದ. ದಾರಿಯಲ್ಲಿ ಹೋಗುವವರು ನಿಂತು ನೋಡಿ ಭಲೇ ಎನ್ನುತ್ತಿದ್ದರು. ಆದರೆ ನರಿ ಕಡಿಮೆಯಾಗಲಿಲ್ಲ. ದಿನವೂ ಮರಿಯ ಕೂಗು ಕೇಳಿ ಗುಡ್ಡದಾಚೆಯ ನರಿಗಳೂ ಈ ಹಳ್ಳಕ್ಕೆ ಇಳಿದವು. "ನೋಡಿದಿರಾ, ಎಷ್ಟಿದ್ದವು!" ಎಂದು ರೈತ ಇನ್ನಷ್ಟು ಕೆರಳಿದ. ತಾನು ಕರೆದದ್ದರಿಂದ ಅವು ಬಂದವು ಎಂಬುದು ಅವನ ತಲೆಗೆ ಹೋಗಲಿಲ್ಲ.

ಮರಿಯಲ್ಲಿ ಬದಲಾವಣೆ ಕಂಡವಳು ಹೆಂಡತಿ. ಒಂದು ಮುಂಜಾನೆ ಗಂಡನಿಗೆ ಅಂಬಲಿ ಬಡಿಸುತ್ತಾ ಅವಳು ಹೇಳಿದಳು, "ರೀ, ಮರಿ ಈಗ ಹಸಿವಾದರೂ ಕೂಗುವುದಿಲ್ಲ. ನಾನು ಹಾಲಿಟ್ಟು ಕರೆದರೂ ದನಿಯಿಲ್ಲ."

"ಕೂಗನ್ನು ಮಧ್ಯಾಹ್ನಕ್ಕೆ ಉಳಿಸಿಕೊಳ್ಳುತ್ತಿದೆ. ಒಳ್ಳೆಯದೇ ಆಯಿತು."

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಅದರ ಕಿವಿ ನೋಡಿದಿರಾ? ಒಣಗಿದ ಹಾಗಲಕಾಯಿಯ ಹಾಗಾಗಿದೆ."

"ಕಿವಿ ಹೋದರೆ ಜೀವ ಹೋಗುವುದಿಲ್ಲ! ನರಿ ಕತ್ತಿಗೇ ಬಾಯಿ ಹಾಕುತ್ತದೆ, ಗೊತ್ತೇ? ನಾನು ಇಷ್ಟೆಲ್ಲ ಮಾಡುತ್ತಿರುವುದು ಯಾರಿಗಾಗಿ? ನನ್ನ ಕಿವಿ ಉಳಿಸಿಕೊಳ್ಳುವುದಕ್ಕೋ?" ಅವನು ಅಂಬಲಿಯ ಬಟ್ಟಲನ್ನು ನೂಕಿ ಎದ್ದ.

ಹೆಂಡತಿ ಮರಿಯನ್ನು ಎತ್ತಿ ಎದೆಗೆ ಒತ್ತಿಕೊಂಡಳು. ಅವನು ಅವಳ ತೋಳಿನಿಂದಲೇ ಅದನ್ನು ಎಳೆದುಕೊಂಡು ಹೊಲಕ್ಕೆ ಹೋದ.

ಅಂದು ಕಿವಿ ತಿರುಚಿದರೂ ಮರಿ ಕೂಗಲಿಲ್ಲ. ಇನ್ನೂ ಬಲವಾಗಿ ತಿರುಚಿದ. ಒಣಗಿದ್ದ ಗಾಯ ಒಡೆದು ರಕ್ತ ಬಂತು. ಮರಿ ನಾಲ್ಕು ಕಾಲನ್ನೂ ನೆಲಕ್ಕೆ ಊರಿ, ಕಣ್ಣು ಮುಚ್ಚಿ, ಬಾಯಿ ಬಿಗಿದು ನಿಂತಿತ್ತು. ಇನ್ನೊಂದು ಕಿವಿ ಹಿಡಿದ. ಆಗಲೂ ಕೂಗಲಿಲ್ಲ.

"ಕೂಗು!" ಎಂದು ಅವನೇ ಕೂಗಿದ. "ಕೃತಘ್ನ ಪ್ರಾಣಿ! ಉಣ್ಣುವುದು ಬಿಟ್ಟು, ಹೊಲದ ಕಳೆ ಕೀಳುವುದು ಬಿಟ್ಟು ಬಿಸಿಲಲ್ಲಿ ಬೇಯುತ್ತಿರುವುದು ನಿನಗಾಗಿ! ಕೂಗುವವರೆಗೂ ನಿನಗೆ ನೀರಿಲ್ಲ, ನೆರಳಿಲ್ಲ!"

ಅದನ್ನು ಗೂಟದಲ್ಲೇ ಬಿಟ್ಟು, ಹತ್ತು ಮಾರು ದೂರ ಹೋಗಿ, ಬದುವಿಗೆ ಬೆನ್ನು ಕೊಟ್ಟು ಕುಳಿತ. ದೊಣ್ಣೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಕಣ್ಣು ಪೊದೆಯ ಮೇಲೆ, ಬೆನ್ನು ಮರಿಯ ಕಡೆಗೆ. ನೋಡಬೇಕಾದ ಅಗತ್ಯವೇ ಇಲ್ಲ ಎಂದುಕೊಂಡ. ನರಿ ಬಂದರೆ ಮರಿ ಕೂಗದೆ ಇರುತ್ತದೆಯೇ? ಆ ಕೂಗಿಗಾಗಿ ಮೈಯೆಲ್ಲ ಕಿವಿಯಾಗಿ ಕುಳಿತ.

ಹಳ್ಳದ ನೀರು ಕಲ್ಲಿಗೆ ತಾಗುವುದು ಕೇಳಿಸಿತು. ಬೇಲಿಯ ಮೇಲಿನ ಒಣ ಬಾಲಗಳು ಗಾಳಿಗೆ ಮುಳ್ಳನ್ನು ಕೆರೆಯುವುದು ಕೇಳಿಸಿತು. ಹಗ್ಗ ಒಮ್ಮೆ ಬಿಗಿಯಾಗಿ ಸಡಿಲಾದದ್ದೂ ಕೇಳಿಸಿತು. ಮರಿ ಮಲಗಿರಬೇಕು ಎಂದುಕೊಂಡ. ಬಹಳ ಹೊತ್ತು ಕಳೆದ ಮೇಲೆ, ಸಿಟ್ಟು ತಡೆಯಲಾಗದೆ, ಇನ್ನೊಮ್ಮೆ ತಿರುಚಿ ನೋಡೋಣವೆಂದು ಎದ್ದು ತಿರುಗಿದ.

ನರಿ ಪೊದೆಯ ಕಡೆಯಿಂದ ಬಂದಿರಲಿಲ್ಲ. ಅವನೇ ದಿನವೂ ಓಡಾಡಿ ಸವೆಸಿದ ಕಾಲುದಾರಿಯಲ್ಲಿ, ಮನೆಯ ಕಡೆಯಿಂದ ಬಂದಿತ್ತು. ಅವನು ತಿರುಗಿದೊಡನೆ ಹಿಡಿದಿದ್ದ ಮರಿಯನ್ನು ಬಿಟ್ಟು ಓಡಿತು. ಮರಿ ಗೂಟದ ಬುಡದಲ್ಲೇ ಬಿದ್ದಿತ್ತು. ಒದ್ದಾಡಿದ ಗುರುತು ಮಣ್ಣಿನಲ್ಲಿತ್ತು. ಬಾಯಿ ಬಿಗಿದಂತೆಯೇ ಇತ್ತು.

ರೈತ ಓಡಿಹೋಗಿ ಅದನ್ನು ಎರಡು ಕೈಯಿಂದ ಎತ್ತಿ ಅಲುಗಾಡಿಸಿದ. "ಏಕೆ ಕೂಗಲಿಲ್ಲ? ಇಲ್ಲೇ ಇದ್ದೆನಲ್ಲ ನಾನು! ಹತ್ತು ಮಾರು ದೂರದಲ್ಲಿ ದೊಣ್ಣೆ ಹಿಡಿದು ಕುಳಿತಿದ್ದೆನಲ್ಲ! ಏಕೆ ಕೂಗಲಿಲ್ಲ?"

ಅಂದು ಆ ಹೊಲದಲ್ಲಿ ಕೇಳಿದ ಕೂಗು ಅವನದು ಒಂದೇ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಮುರಿಗೆಯ್ಯನಿಗೆ ಸಮಾಧಾನವಾಗಲಿಲ್ಲ. ಅವನ ದನಿ ಏರಿತು. "ರೈತನದು ತಪ್ಪು, ಒಪ್ಪಿದೆ. ಮರಿಯದು ದಡ್ಡತನವಲ್ಲವೇ, ಗುರುಗಳೇ? ಒಂದೇ ಒಂದು ಸಲ ಬಾಯಿ ಬಿಟ್ಟಿದ್ದರೆ ಸಾಕಿತ್ತು. ಕಾಯುವವನು ಅಲ್ಲೇ ಕುಳಿತಿದ್ದ! ಕಾಯುವವನು ಯಾರು, ನರಿ ಯಾವುದು ಎಂಬುದೂ ಅದಕ್ಕೆ ತಿಳಿಯದೆ ಹೋಯಿತೇ?"

ಅಡುಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು. ಮುರಿಗೆಯ್ಯನಿಗೂ ಅದು ಕೇಳಿಸಿತು. ಅವನು ಬಾಗಿಲ ಕಡೆ ತಿರುಗಿದ. ಸದ್ದು ಮತ್ತೆ ಶುರುವಾಗಲಿಲ್ಲ.

ಗುರುಗಳು ಹೇಳಿದರು:

"ನರಿಗೆ ಎಷ್ಟು ಕಾಲು ಎಂದು ಆ ಮರಿಯನ್ನು ಕೇಳಿದ್ದರೆ, ಎರಡು ಎನ್ನುತ್ತಿತ್ತು."